ಪೆಂಗ್ವಿನ್ ಬರುವ ಹೊತ್ತಿಗೆ

ಶಿವಮೊಗ್ಗ ಜಿಲ್ಲೆಯ ಸಾಗರದಿಂದ ನನ್ನ ಭಾವ ಕಳಿಸಿದ ಆಸ್ಟ್ರೇಲಿಯಾ ಪ್ರವಾಸದ ಪಟ್ಟಿ ಇನ್ನೂ ನನ್ನ ಫೋನಿನಲ್ಲಿದೆ. ಸಿಡ್ನಿ 2 ದಿನ, ಗೋಲ್ಡ್ ಕೋಸ್ಟ್ 1, ಕೇರ್ನ್ಸ್ 2, ಉಲುರು 1, ಅಡಿಲೇಡ್ 1, ಪರ್ತ್ 2, ಮೆಲ್ಬರ್ನ್ 3. ಒಟ್ಟು 12 ದಿನ. ಕೆಳಗೆ ಒಂದು ಸಾಲು: ‘ಮೆಲ್ಬರ್ನಿನಲ್ಲಿ ನೀನಿದ್ದೀಯಲ್ಲ, ಅಲ್ಲಿ ಮೂರು ದಿನ ಆರಾಮಾಗಿ ಇದ್ದುಬಿಡೋಣ.’

ನಾನು ಮೆಲ್ಬರ್ನಿಗೆ ಬಂದು 11 ವರ್ಷವಾಯಿತು. ಊರಿನಿಂದ ಯಾರೇ ಬರಲಿ, ಅವರಿಗಿಂತ ಮೊದಲು ಇಂಥದೊಂದು ಪಟ್ಟಿ ಬರುತ್ತದೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವವರಿಗೆ ತೋರಿಸಿದರೆ ಬೆರಗಾಗುತ್ತಾರೆ. ಅವರು ಎರಡು ವಾರ ರಜೆ ಹಾಕಿದರೆ ಒಂದೇ ಕಡಲೂರಿಗೆ ಹೋಗಿ, ಒಂದು ಮನೆ ಬಾಡಿಗೆಗೆ ಹಿಡಿದು, ದಿನಾ ಅದೇ ದಂಡೆಗೆ ಹೋಗಿ ಬರುತ್ತಾರೆ. ತಿರುಗಿ ಬಂದಮೇಲೆ ‘ಏನೇನು ನೋಡಿದಿರಿ?’ ಎಂದು ನಾನು ಕೇಳಿದರೆ ಏನು ಹೇಳಬೇಕೆಂದು ಅವರಿಗೆ ತೋಚುವುದಿಲ್ಲ.

ನಾನು ಪಟ್ಟಿಯ ಜೊತೆಗೇ ಬೆಳೆದವನು. ಚಿಕ್ಕವನಿದ್ದಾಗ ಬೇಸಿಗೆ ರಜೆಯಲ್ಲಿ ನಮ್ಮ ಮನೆಯವರೆಲ್ಲ ಒಂದು ವ್ಯಾನ್ ಮಾಡಿಕೊಂಡು ಹೊರಡುತ್ತಿದ್ದೆವು. ಕೊಲ್ಲೂರು, ಉಡುಪಿ, ಕಟೀಲು, ಧರ್ಮಸ್ಥಳ, ಸುಬ್ರಹ್ಮಣ್ಯ. ಎರಡು ದಿನಕ್ಕೆ ಎಲ್ಲ ಮುಗಿಯಬೇಕು. ದೊಡ್ಡಪ್ಪ ಮುಂದಿನ ಸೀಟಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಬೆತ್ತದ ಬುಟ್ಟಿಯಲ್ಲಿ ಬಾಳೆಎಲೆಯಲ್ಲಿ ಕಟ್ಟಿದ ಚಿತ್ರಾನ್ನ, ಮೊಸರನ್ನ. ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೆ ಒಬ್ಬರು ನಾವು ಮಕ್ಕಳು. ಆ ಪ್ರವಾಸಗಳ ಬಗ್ಗೆ ನನಗೆ ಒಂದು ಚೂರೂ ದೂರಿಲ್ಲ. ವರ್ಷಕ್ಕೆ ಒಮ್ಮೆ ಸಿಗುವ ವ್ಯಾನು, ವರ್ಷಕ್ಕೆ ಒಮ್ಮೆ ಸಿಗುವ ಬಿಡುವು. ಅಷ್ಟರಲ್ಲಿ ಎಷ್ಟು ಸಾಧ್ಯವೋ ಅಷ್ಟು ನೋಡಬೇಕು ಎನ್ನುವುದು ದುರಾಸೆ ಅಲ್ಲ. ಭಾವನ ಪಟ್ಟಿಯ ಹಿಂದೆ ಇದ್ದದ್ದೂ ಅದೇ. ಮತ್ತೆ ಯಾವಾಗ ಬರುತ್ತೇವೋ, ಅಮ್ಮನನ್ನು ಮತ್ತೊಮ್ಮೆ ಇಷ್ಟು ದೂರ ಕರೆದುಕೊಂಡು ಬರಲು ಆಗುತ್ತದೋ ಇಲ್ಲವೋ.

ಆದರೆ ಆಸ್ಟ್ರೇಲಿಯಾದಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಈ ದೇಶ ಭಾರತದ ಎರಡು ಪಟ್ಟಿಗಿಂತ ದೊಡ್ಡದು. ಜನ ಮಾತ್ರ ಕರ್ನಾಟಕದ ಅರ್ಧದಷ್ಟೂ ಇಲ್ಲ. ಮೆಲ್ಬರ್ನಿನಿಂದ ಪರ್ತ್‌ಗೆ ವಿಮಾನದಲ್ಲಿ ಸುಮಾರು 4 ಗಂಟೆ. ಬೆಂಗಳೂರಿನಿಂದ ದುಬೈಗೆ ಹೋದಷ್ಟು ದೂರ. ಕೇರ್ನ್ಸ್ ಕೂಡ ಬೆಂಗಳೂರಿಂದ ದೆಹಲಿಗಿಂತ ದೂರ. ಪಟ್ಟಿಯಲ್ಲಿ ಒಂದು ಊರು ಸೇರಿಸಿದರೆ ಒಂದು ಪ್ರಯಾಣ ಸೇರಿತು. ಬೆಳಿಗ್ಗೆ ಬ್ಯಾಗ್ ಕಟ್ಟುವುದು, ವಿಮಾನ ನಿಲ್ದಾಣಕ್ಕೆ ಹೋಗುವುದು, ಕಾಯುವುದು, ಇಳಿದು ಮತ್ತೆ ಹೋಟೆಲ್ ಹುಡುಕುವುದು. ಹಗಲು ಹೋಯಿತು. ಭಾವನ 12 ದಿನದಲ್ಲಿ ಆರು ಸಲ ಹೀಗೆ ಹೋಗುತ್ತಿತ್ತು. 72 ವರ್ಷದ ಅಮ್ಮ ಅಷ್ಟು ಸಲ ಏರಿ ಇಳಿಯಬೇಕಿತ್ತು.

ಇದು ನನಗೂ ಮೊದಲೇ ಗೊತ್ತಿದ್ದ ವಿಷಯ ಅಲ್ಲ. ಕೆಲವು ವರ್ಷದ ಹಿಂದೆ ಜುಲೈನಲ್ಲಿ ಬೆಂಗಳೂರಿನ ಹಳೇ ಗೆಳೆಯರು ನಾಲ್ಕು ಜನ ಬಂದಿದ್ದರು. ಇಲ್ಲಿಂದ ಪಶ್ಚಿಮಕ್ಕೆ ಕಡಲ ಪಕ್ಕದಲ್ಲೇ ಹೋಗುವ ಗ್ರೇಟ್ ಓಷನ್ ರೋಡ್ ಒಂದೇ ದಿನದಲ್ಲಿ ಮುಗಿಸಬೇಕು ಎಂದರು, ನಾನೂ ಹೂಂ ಎಂದೆ. ದಾರಿಯುದ್ದಕ್ಕೂ ಇಳಿದು, ಹತ್ತಿ, ಫೋಟೋ ತೆಗೆದು, ಕಡಲಲ್ಲಿ ನಿಂತ ಟ್ವೆಲ್ವ್ ಅಪೋಸಲ್ಸ್ ಎಂಬ ಕಲ್ಲುಕಂಬಗಳ ಹತ್ತಿರ ಮುಟ್ಟುವಾಗ ಸಂಜೆ ಐದಾಗಿತ್ತು. ಜುಲೈ ಅಂದರೆ ಇಲ್ಲಿ ಚಳಿಗಾಲ. ಐದೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಕಾಲು ಗಂಟೆ ನೋಡಿದೆವು. ಆಮೇಲೆ ಮೂರು ಗಂಟೆ ಕತ್ತಲಲ್ಲಿ ಒಳನಾಡಿನ ರಸ್ತೆ ಹಿಡಿದು ವಾಪಸ್. ಅರ್ಧ ದಾರಿಯಲ್ಲಿ ಒಂದು ಕಾಂಗರೂ ದೀಪದ ಬೆಳಕಿಗೆ ನೆಗೆದು ಬಂತು. ನಾನು ಸ್ಟೀರಿಂಗ್ ತಿರುಗಿಸಿಬಿಟ್ಟೆ. ಕಾರು ರಸ್ತೆ ಬಿಟ್ಟು ಜಲ್ಲಿಯ ಮೇಲೆ ಜಾರಿ ಬೇಲಿಯ ಹತ್ತಿರ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕಾಂಗರೂ ಕೂಡ ಹಾರಿ ಹೋಯಿತು. ಪ್ರಾಣಿ ಅಡ್ಡ ಬಂದರೆ ಬ್ರೇಕ್ ಒತ್ತಬೇಕು, ಸ್ಟೀರಿಂಗ್ ತಿರುಗಿಸಬಾರದು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ಆ ಕ್ಷಣದಲ್ಲಿ ಅದು ನೆನಪಾಗುವುದಿಲ್ಲ. ಅದಕ್ಕಿಂತ ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಇರದಿರುವುದೇ ಸರಿ. ಮುಸ್ಸಂಜೆ ಮತ್ತು ನಸುಕು ಕಾಂಗರೂಗಳು ಮೇಯಲು ಓಡಾಡುವ ಹೊತ್ತು. ಆಗ ರಸ್ತೆಗೆ ಇಳಿದವರು ನಾವು.

ಆವತ್ತಿನಿಂದ ನಾನು ಪ್ರವಾಸದ ಯೋಜನೆ ಮಾಡುವ ಕ್ರಮವನ್ನೇ ತಿರುಗಿಸಿದೆ. ಮೊದಲು ಊರುಗಳ ಹೆಸರು ಬರೆಯುವುದಿಲ್ಲ. ಯಾವ ಪ್ರಾಣಿ ಯಾವ ಹೊತ್ತಿಗೆ ಎಲ್ಲಿಗೆ ಬರುತ್ತದೆ, ಸೂರ್ಯ ಎಷ್ಟು ಗಂಟೆಗೆ ಮುಳುಗುತ್ತಾನೆ ಎಂದು ಬರೆಯುತ್ತೇನೆ. ಆಮೇಲೆ ರಸ್ತೆ. ಕೊನೆಗೆ ನಗರ. ನಗರಕ್ಕೆ ಯಾವಾಗ ಹೋದರೂ ಅದು ಅಲ್ಲೇ ಇರುತ್ತದೆ. ಸಿಡ್ನಿಯ ಒಪೆರಾ ಹೌಸ್ 1973ರಿಂದ ಅಲ್ಲೇ ಇದೆ. ಪೆಂಗ್ವಿನ್ ಹಾಗಲ್ಲ, ಅದು ಬರುವ ಹೊತ್ತಿಗೆ ನಾವು ಅಲ್ಲಿರಬೇಕು.

ಈ ಸಲ ಬರುವವರು ಅಕ್ಕ, ಭಾವ, ಇಬ್ಬರು ಮಕ್ಕಳು, ಅಮ್ಮ. ಶಾಲೆಯ ಬೇಸಿಗೆ ರಜೆಯಾದ್ದರಿಂದ ಏಪ್ರಿಲ್‌ನಲ್ಲೇ ಬರಬೇಕು. ಏಪ್ರಿಲ್ ಇಲ್ಲಿ ಶರತ್ಕಾಲ. ಈಸ್ಟರ್ ರಜೆಯಲ್ಲಿ ಕಡಲ ತೀರದ ಊರುಗಳಲ್ಲಿ ರೂಮೇ ಸಿಗುವುದಿಲ್ಲ, ಬಾಡಿಗೆಯೂ ಜಾಸ್ತಿ. ಅದನ್ನು ದಾಟಿ ದಿನ ಹಿಡಿದೆ. ಪರ್ತ್, ಅಡಿಲೇಡ್, ಉಲುರು, ಗೋಲ್ಡ್ ಕೋಸ್ಟ್ ತೆಗೆದೆ. ಕೇರ್ನ್ಸ್ ತೆಗೆಯುವಾಗ ಅಕ್ಕ ಫೋನಿನಲ್ಲಿ ಒಂದು ಗಂಟೆ ವಾದ ಮಾಡಿದಳು. ‘ಇಷ್ಟು ದೂರ ಬಂದು ಹವಳದ ದಂಡೆ ನೋಡದೇ ಹೋಗೋದಾ ಮಾರಾಯ?’ ಗ್ರೇಟ್ ಬ್ಯಾರಿಯರ್ ರೀಫ್ 2,300 ಕಿಲೋಮೀಟರ್ ಉದ್ದ, ಲೋಕದಲ್ಲೇ ದೊಡ್ಡದು. ಅವಳು ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಕಡೆ ಮಳೆಗಾಲ ಏಪ್ರಿಲ್‌ವರೆಗೂ ಎಳೆಯುತ್ತದೆ. ನವೆಂಬರಿನಿಂದ ಮೇವರೆಗೆ ದಂಡೆಯ ನೀರಿನಲ್ಲಿ ಕುಟುಕುವ ಅಂಬಲಿ ಮೀನು (ಜೆಲ್ಲಿಫಿಶ್) ಇರುತ್ತವೆ, ಮೈತುಂಬ ಬಿಗಿ ಬಟ್ಟೆ ಹಾಕಿಕೊಂಡೇ ನೀರಿಗೆ ಇಳಿಯಬೇಕು. ಎರಡು ದಿನಕ್ಕೆ ಅಲ್ಲಿ ಹೋಗಿ ಮೋಡ ನೋಡಿಕೊಂಡು ಬರುವುದು ನನಗೆ ಸರಿ ಕಾಣಲಿಲ್ಲ. ಸಿಡ್ನಿ 3 ರಾತ್ರಿ, ಉಳಿದದ್ದೆಲ್ಲ ಮೆಲ್ಬರ್ನ್ ಮತ್ತು ಅದರ ಸುತ್ತಲಿನ ಕಡಲು ಎಂದು ನಿಂತಿತು.

ಬರುವ ಮುಂಚೆ ಅಕ್ಕನಿಗೆ ಇನ್ನೊಂದು ಮಾತು ಹೇಳಿದ್ದೆ. ತಿಂಡಿ ತಾ, ಆದರೆ ಈ ದೇಶದೊಳಗೆ ಬರುವಾಗ ತುಂಬುವ ಫಾರ್ಮಿನಲ್ಲಿ ಎಲ್ಲವನ್ನೂ ಬರೆ. ಹಾಲಿನ ಸಿಹಿ ಬಿಡುವುದಿಲ್ಲ, ಧಾರವಾಡ ಪೇಡ ಬ್ಯಾಗಿಗೆ ಹಾಕಬೇಡ. ಈ ದೇಶದ ಬೆಳೆಗೆ, ದನಕ್ಕೆ ಹೊರಗಿನ ರೋಗ ಬರಬಾರದು ಎಂದು ಈ ನಿಯಮ. ಅವಳು ಚಟ್ನಿಪುಡಿ, ಕೋಡುಬಳೆ, ಪುಳಿಯೋಗರೆ ಗೊಜ್ಜು ಎಲ್ಲ ಬರೆದಳು. ಅಧಿಕಾರಿ ಬ್ಯಾಗ್ ತೆಗೆಸಿ ನೋಡಿ, ನಗುತ್ತಾ ಕಳಿಸಿದರು. ಬರೆಯದೇ ಬಚ್ಚಿಟ್ಟು ದಂಡ ಕಟ್ಟಿದವರನ್ನು ನಾನು ಕಂಡಿದ್ದೇನೆ.

ಸಿಡ್ನಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲರೂ ನೋಡುವುದನ್ನೇ ನೋಡಿದೆವು, ಮ್ಯಾನ್ಲಿಗೆ ಹೋಗುವ ದೋಣಿಯಲ್ಲಿ ಮಕ್ಕಳು ಕುಣಿದಾಡಿದರು. ಒಂದು ದಿನ ಕಾರು ಬಾಡಿಗೆಗೆ ತೆಗೆದುಕೊಂಡು ದಕ್ಷಿಣಕ್ಕೆ ಸೀ ಕ್ಲಿಫ್ ಸೇತುವೆಗೆ ಹೋದೆವು. ಅದನ್ನು ಮಾತ್ರ ಹೇಳಲೇಬೇಕು. ಅಲ್ಲಿ ಹಳೇ ರಸ್ತೆ ಬಂಡೆಯ ಬುಡದಲ್ಲೇ ಇತ್ತು. ಮೇಲಿಂದ ಕಲ್ಲು ಬೀಳುತ್ತಲೇ ಇತ್ತು. 2003ರಲ್ಲಿ ರಸ್ತೆ ಮುಚ್ಚಿದರು. ಗುಡ್ಡವನ್ನು ಇನ್ನಷ್ಟು ಕೊರೆಯಲಿಲ್ಲ. ಗುಡ್ಡದ ಸಹವಾಸವೇ ಬೇಡ ಎಂದು ಸಮುದ್ರದ ಮೇಲೆ 665 ಮೀಟರ್ ಉದ್ದದ ಬಾಗಿದ ಸೇತುವೆ ಕಟ್ಟಿ 2005ರಲ್ಲಿ ತೆರೆದರು. ಭಾವ ಸೇತುವೆಯ ಮೇಲೆ ನಡೆಯುತ್ತಾ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಶಿರೂರು’ ಎಂದಷ್ಟೇ ಹೇಳಿದರು. 2024ರ ಜುಲೈನಲ್ಲಿ ಅಂಕೋಲಾದ ಹತ್ತಿರ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದದ್ದು ನಮ್ಮ ಕಡೆಯವರು ಯಾರೂ ಮರೆತಿಲ್ಲ. ಸಾಗರದವರಿಗೆ ಆ ರಸ್ತೆ ಹೊರಗಿನದಲ್ಲ. ಗೋಕರ್ಣಕ್ಕೆ, ಕಾರವಾರಕ್ಕೆ ಅದರಲ್ಲೇ ಹೋಗಬೇಕು.

ಇನ್ನು ಫಿಲಿಪ್ ಐಲ್ಯಾಂಡ್. ಮೆಲ್ಬರ್ನಿನಿಂದ ಸುಮಾರು 140 ಕಿಲೋಮೀಟರ್, ಎರಡು ಗಂಟೆಯ ದಾರಿ. ಇಲ್ಲಿ ಪ್ರತಿ ಸಂಜೆ ಪುಟ್ಟ ಪೆಂಗ್ವಿನ್‌ಗಳು ಸಮುದ್ರದಿಂದ ಎದ್ದು ಮನೆಗೆ ಬರುತ್ತವೆ. ಪೆಂಗ್ವಿನ್‌ಗಳಲ್ಲೇ ಚಿಕ್ಕವು ಇವು. ಎತ್ತರ ಒಂದು ಅಡಿ ಚಿಲ್ಲರೆ, ತೂಕ ಸುಮಾರು ಒಂದು ಕಿಲೋ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಎಂಟೂವರೆ ದಾಟಿದ ಮೇಲೆ. ಆಗ ಪೆಂಗ್ವಿನ್ ನೋಡಿ ಮನೆಗೆ ಬರುವಾಗ ನಡುರಾತ್ರಿ. ಏಪ್ರಿಲ್ ಕೊನೆಯಲ್ಲಿ ಐದೂಮುಕ್ಕಾಲಿಗೆಲ್ಲ ಕತ್ತಲು ಇಳಿಯುತ್ತದೆ. ಚಿಕ್ಕ ಮಕ್ಕಳು, ವಯಸ್ಸಾದವರು ಇರುವ ನಮ್ಮಂಥ ಸಂಸಾರಕ್ಕೆ ಇದೇ ಒಳ್ಳೆಯ ಕಾಲ. ಊರಿನ ಬೇಸಿಗೆ ರಜೆಗೆ ಇದು ಹೇಳಿ ಮಾಡಿಸಿದ ಹಾಗಿದೆ. ಆದರೂ ನಾನು ದ್ವೀಪದಲ್ಲೇ ಒಂದು ರಾತ್ರಿ ಉಳಿಯುವ ಹಾಗೆ ಮಾಡಿದ್ದೆ. ಕತ್ತಲಲ್ಲಿ ಎರಡು ಗಂಟೆ ಕಾರು ಓಡಿಸುವುದು ಬೇಡ ಎಂದು.

ದಂಡೆಯ ಎದುರು ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ. ಗಾಳಿ ಎಂದರೆ ಗಾಳಿ. ಅಮ್ಮನಿಗೆ ಸ್ವೆಟರು, ಶಾಲು, ಅದರ ಮೇಲೆ ನನ್ನ ಜಾಕೆಟ್. ಫೋಟೋ ತೆಗೆಯುವ ಹಾಗಿಲ್ಲ, ಫೋನ್ ಒಳಗಿಡಬೇಕು. ಬೆಳಕು ಕಣ್ಣಿಗೆ ಬಿದ್ದರೆ ಪೆಂಗ್ವಿನ್ ಬೆದರುತ್ತವೆ. ನೂರಾರು ಜನ ಫೋನ್ ಒಳಗಿಟ್ಟು ಕತ್ತಲಲ್ಲಿ ನೀರು ನೋಡುತ್ತಾ ಕೂತಿದ್ದರು. ಭಾವನ ಮಗ ಪಿಸುಗುಟ್ಟಿದ: ‘ಮಾಮ, ಎಲ್ಲಿ?’ ನೊರೆಯ ಅಂಚಿನಲ್ಲಿ ನಾಲ್ಕೈದು ಬಿಳಿ ಚುಕ್ಕೆ ಎದ್ದು ನಿಂತವು. ನಿಂತು, ಆಚೀಚೆ ನೋಡಿ, ಮತ್ತೆ ನೀರಿಗೆ ಓಡಿದವು. ಇನ್ನಷ್ಟು ಸೇರಿದವು. ಮತ್ತೆ ಬಂದವು. ಒಂದಕ್ಕೇ ಬಯಲು ದಾಟುವ ಧೈರ್ಯವಿಲ್ಲ, ಹತ್ತು ಹದಿನೈದು ಸೇರಿದ ಮೇಲೆ ಒಟ್ಟಿಗೆ ಮರಳು ದಾಟಿ ಓಡುತ್ತವೆ. ಆಮೇಲೆ ಏರಿ ಹತ್ತಿ ಪ್ರತಿಯೊಂದೂ ತನ್ನ ತನ್ನ ಬಿಲಕ್ಕೆ. ನಾವು ಮರದ ಹಲಗೆಯ ದಾರಿಯಲ್ಲಿ ನಿಧಾನ ನಡೆದರೆ ಪಕ್ಕದಲ್ಲೇ, ಕೈಗೆಟುಕುವಷ್ಟು ಹತ್ತಿರ, ಅವೂ ನಡೆಯುತ್ತಿದ್ದವು. ಅಮ್ಮ ಹೇಳಿದಳು: ‘ದನ ಹೊತ್ತಿಗೆ ಸರಿಯಾಗಿ ಕೊಟ್ಟಿಗೆಗೆ ಬರೋದಿಲ್ವಾ, ಹಾಗೇ ನೋಡು. ಇಂಥದೇ ಜಾಗ ಅಂತ ಅದಕ್ಕೂ ಗೊತ್ತು.’ 11 ವರ್ಷದಲ್ಲಿ ಎಂಟು ಸಲ ನಾನು ಇದನ್ನು ನೋಡಿದ್ದೇನೆ. ಗೋಧೂಳಿ ಹೊತ್ತು ಎನ್ನುವ ಮಾತು ನನಗೆ ಒಮ್ಮೆಯೂ ನೆನಪಾಗಿರಲಿಲ್ಲ.

ಆ ಗುಡ್ಡದ ಮೇಲೆ ಮೊದಲು ಮನೆಗಳಿದ್ದವು. ಒಂದು ಇಡೀ ಬಡಾವಣೆ, ಮನೆ, ರಸ್ತೆ, ನಾಯಿ, ಕಾರು. ಬಿಲಗಳು ಹಾಳಾಗಿ ಪೆಂಗ್ವಿನ್ ಕಡಿಮೆಯಾಗುತ್ತಾ ಬಂದವು. 1985ರಲ್ಲಿ ಇಲ್ಲಿನ ಸರ್ಕಾರ ಆ ಜಾಗವನ್ನೆಲ್ಲ ಹಣ ಕೊಟ್ಟು ಕೊಳ್ಳಲು ತೀರ್ಮಾನಿಸಿತು. 2010ರ ಹೊತ್ತಿಗೆ ಕೊನೆಯ ಜಾಗವೂ ಬಂತು. ಮನೆ ಕಿತ್ತು ಹುಲ್ಲು ಬೆಳೆಸಿದರು. ನರಿಗಳನ್ನು ದ್ವೀಪದಿಂದಲೇ ಇಲ್ಲವಾಗಿಸಿ 2017ರಲ್ಲಿ ಘೋಷಿಸಿದರು. ಅಂದರೆ ನಾವು ಒಂದು ಗಂಟೆ ಕೂತು ನೋಡಿದ್ದರ ಹಿಂದೆ 30 ವರ್ಷಕ್ಕೂ ಹೆಚ್ಚಿನ ಕೆಲಸ ಇದೆ. ಹೊರಡುವಾಗ ಕಾರಿನ ಕೆಳಗೆ ಬಗ್ಗಿ ನೋಡಿ, ಪೆಂಗ್ವಿನ್ ಇರಬಹುದು ಎಂದು ಫಲಕ ಹಾಕಿದ್ದಾರೆ. ಮಕ್ಕಳಿಬ್ಬರೂ ಬಗ್ಗಿ ನೋಡಿದರು. ಪಕ್ಕದ ಕಾರಿನ ಕೆಳಗೂ ನೋಡಿದರು.

ಇದನ್ನು ಹೇಳುವಾಗ ನಮ್ಮ ಕಡೆಯ ಒಂದು ಕಾಡಿನಲ್ಲಿ ನಾವೇ ಮಾಡಿದ ಸಫಾರಿ ನೆನಪಾಗಿ ನೋವಾಗುತ್ತದೆ. ಹೋದ ಸಲ ಊರಿಗೆ ಬಂದಾಗ ಹೋಗಿದ್ದೆವು. ಯಾರಿಗೋ ಚಿರತೆ ಕಂಡಿತು ಎಂದು ಸುದ್ದಿ ಬಂದದ್ದೇ ತಡ, ಆರೇಳು ಜೀಪು ಒಂದೇ ಕಡೆ ನುಗ್ಗಿದವು. ಜನ ಎದ್ದು ನಿಂತು ಕೂಗಿದರು. ಚಿರತೆಯನ್ನು ಯಾರೂ ನೋಡಲಿಲ್ಲ, ಅದೇ ನಮ್ಮನ್ನು ನೋಡಿ ಹೋಗಿರಬೇಕು. ತಪ್ಪು ಕಾಡಿನದಲ್ಲ. ನಾವು ಡಿಸೆಂಬರ್ ರಜೆ ಸಿಕ್ಕಿತು ಎಂದು ಹೋದವರು, ಹುಲಿ ಚಿರತೆ ಎರಡೂ ಪಟ್ಟಿಯಲ್ಲಿ ಇದ್ದವು. ನಮ್ಮ ಕಾಡುಗಳಿಗೂ ಅವುಗಳದೇ ಹೊತ್ತಿದೆ. ಕಬಿನಿಯ ಹಿನ್ನೀರು ಮಾರ್ಚ್‌ನಿಂದ ಮೇವರೆಗೆ ಇಳಿಯುತ್ತದೆ. ನೀರು ಬಿಟ್ಟ ಜಾಗದಲ್ಲಿ ಹಸಿ ಹುಲ್ಲು ಚಿಗುರುತ್ತದೆ. ಬೇಸಿಗೆಯಲ್ಲಿ ಕಾಡೊಳಗಿನ ಹೊಂಡಗಳು ಬತ್ತಿದಾಗ ಆನೆಗಳು ಮರಿ ಕಟ್ಟಿಕೊಂಡು ಅಲ್ಲಿಗೆ ಬರುತ್ತವೆ. ಎರಡು ರಾತ್ರಿ ಅಲ್ಲಿ ಸುಮ್ನೆ ಕೂತರೆ, ಲೋಕದಲ್ಲಿ ಎಲ್ಲೂ ಸಿಗದ ನೋಟ ಅದು. ಅದಕ್ಕೆ ಮೆಲ್ಬರ್ನಿಗೆ ಬರುವುದೇ ಬೇಡ. ಫೋನ್ ಒಳಗಿಡಿ, ಮಾತಾಡಬೇಡಿ ಎಂದು ಗಟ್ಟಿಯಾಗಿ ಹೇಳುವವರು ಬೇಕು, ಅದನ್ನು ಕೇಳುವವರೂ ಬೇಕು.

ಒಂದು ವಿಷಯದಲ್ಲಿ ಮಾತ್ರ ನಮ್ಮೂರೇ ಮುಂದೆ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳನ್ನು ಬಿಡುವುದಿಲ್ಲ. ಪ್ರಾಣಿಗಳಿಗೆ ಒಂಬತ್ತು ಗಂಟೆ ಬಿಟ್ಟುಕೊಟ್ಟಿದ್ದೇವೆ. ಇಲ್ಲಿನ ಕಾಡುರಸ್ತೆಗಳಲ್ಲಿ ಬೆಳಿಗ್ಗೆ ಹೋದರೆ ಬದಿಯಲ್ಲಿ ಸತ್ತು ಬಿದ್ದ ಕಾಂಗರೂ, ವಾಂಬ್ಯಾಟ್ ಎಷ್ಟೋ ಕಾಣುತ್ತವೆ. ಬಂಡೀಪುರದ ಈ ವಿಷಯ ಹೇಳಿದಾಗ ನನ್ನ ಜೊತೆ ಕೆಲಸ ಮಾಡುವವರು ನಂಬಲೇ ಇಲ್ಲ.

ಗ್ರೇಟ್ ಓಷನ್ ರೋಡಿಗೆ ಮೂರು ರಾತ್ರಿ ಇಟ್ಟಿದ್ದೆ. ಭಾವನಿಗೆ ಅದು ದಂಡ ಎನಿಸಿತ್ತು. ‘243 ಕಿಲೋಮೀಟರಿಗೆ ನಾಲ್ಕು ದಿನವಾ? ಸಾಗರದಿಂದ ಬೆಂಗಳೂರಿಗೆ ಹೋಗಿ ಕೆಲಸ ಮುಗಿಸಿ ವಾಪಸ್ ಬರ್ತೀನಿ ನಾನು.’ ಟಾರ್ಕೀ ದಾಟಿ, ಲೋರ್ನ್ ದಾಟುವಾಗ ಅವರೇ ‘ಇನ್ನೊಂದ್ಸಲ ನಿಲ್ಸು’ ಎನ್ನತೊಡಗಿದರು. ರಸ್ತೆ ಎರಡೇ ಪಥ. ಒಂದು ಕಡೆ ಬಂಡೆ, ಒಂದು ಕಡೆ ಕಡಲು. ಹಿಂದಿನವರಿಗೆ ದಾರಿ ಬಿಡಲು, ನಿಂತು ನೋಡಲು ಆಗಾಗ ಬದಿಯಲ್ಲಿ ಜಾಗ ಮಾಡಿದ್ದಾರೆ. ನಿಧಾನ ಹೋಗುವವನು ಬದಿಗೆ ನಿಲ್ಲುತ್ತಾನೆ, ಅವಸರದವನು ಮುಂದೆ ಹೋಗುತ್ತಾನೆ, ಹಾರ್ನ್ ಇಲ್ಲ. ಕೆನೆಟ್ ರಿವರ್ ಎಂಬ ಸಣ್ಣ ಊರಿನಲ್ಲಿ ಕೋಲಾ ಹುಡುಕಿದೆವು. ನೀಲಗಿರಿ ಮರದ ಕವಲಿನಲ್ಲಿ ಬೂದು ಬಣ್ಣದ ಗಂಟಿನ ಹಾಗೆ ಕೂತಿರುತ್ತದೆ. ದಿನಕ್ಕೆ 20 ಗಂಟೆಯಷ್ಟು ನಿದ್ದೆ. ಮೊದಲು ಕಂಡದ್ದು ಅಮ್ಮನಿಗೆ. ಅಡಿಕೆ ಮರದ ತುದಿ ನೋಡಿ ನೋಡಿ ಪಳಗಿದ ಕಣ್ಣು.

ಮರವಂತೆಯ ನೆನಪು ಎಲ್ಲರಿಗೂ ಬಂತು. ಒಂದು ಕಡೆ ಸೌಪರ್ಣಿಕಾ, ಒಂದು ಕಡೆ ಅರಬ್ಬಿ ಸಮುದ್ರ, ನಡುವೆ ರಸ್ತೆ. ಈ ಗ್ರೇಟ್ ಓಷನ್ ರೋಡಿನಲ್ಲಿ ಅಂಥ ಒಂದು ಜಾಗವೂ ಇಲ್ಲ, ಇದನ್ನು ನಾನು ಇಲ್ಲಿ ಯಾರ ಎದುರಿಗೂ ಹೇಳುತ್ತೇನೆ. ಆದರೆ ನಮ್ಮ ಕರಾವಳಿಯ ಹೆದ್ದಾರಿ ಈಗ ನಾಲ್ಕು ಪಥ. ಲಾರಿ, ಬಸ್ಸು ಎಲ್ಲ ನೂರರ ವೇಗ. ಮಂಗಳೂರಿನಿಂದ ಕಾರವಾರಕ್ಕೆ ಬೇಗ ಹೋಗಬೇಕು ನಿಜ. ಆಸ್ಪತ್ರೆಗೆ ಹೋಗುವವರು, ಮೀನಿನ ಲಾರಿ, ಎಲ್ಲರಿಗೂ ಅದು ಬೇಕು. ಅದರ ಜೊತೆಗೆ ಕಡಲ ಪಕ್ಕದ ಹಳೇ ಊರುದಾರಿಗಳನ್ನು ಸೇರಿಸಿ, ನಿಧಾನ ಹೋಗುವವರಿಗೆ ಒಂದು ದಾರಿ ಉಳಿಸಿಕೊಳ್ಳಬೇಕು ಎಂಬುದು ನನ್ನ ಆಸೆ. ಸುಮಾರು 320 ಕಿಲೋಮೀಟರ್ ಕಡಲಿದೆ ನಮಗೆ.

ಎರಡನೇ ರಾತ್ರಿ ಏಪ್ರಿಲ್ 24. ಮರುದಿನ ಆಂಜಾಕ್ ಡೇ. ಯುದ್ಧಗಳಲ್ಲಿ ಸತ್ತ ಸೈನಿಕರನ್ನು ನೆನೆಯುವ ದಿನ. ಹೆಚ್ಚಿನ ಅಂಗಡಿಗಳು ಮಧ್ಯಾಹ್ನ ಒಂದರವರೆಗೆ ತೆರೆಯುವುದಿಲ್ಲ, ಹಾಲು ಬ್ರೆಡ್ಡು ಹಿಂದಿನ ದಿನವೇ ತಂದಿಟ್ಟುಕೊಳ್ಳಬೇಕು. ಬೆಳಗಿನ ಜಾವ ಕಡಲ ಎದುರಿಗೆ ಊರಿನವರೆಲ್ಲ ಸೇರುತ್ತಾರೆ ಎಂದು ರೂಮಿನವರು ಹೇಳಿದರು. ಅಮ್ಮ ಹೇಗೂ ನಾಲ್ಕೂವರೆಗೆ ಏಳುವವಳು. ಇಬ್ಬರೂ ಹೋದೆವು. ಕತ್ತಲು, ಚಳಿ, ಅಲೆಯ ಸದ್ದು. ಕಹಳೆ ಊದಿದರು. ಒಂದು ನಿಮಿಷ ಯಾರೂ ಅಲುಗಾಡಲಿಲ್ಲ.

ವಾಪಸ್ ಬರುವಾಗ ಅಮ್ಮನಿಗೆ ರಸ್ತೆಯ ಕತೆ ಹೇಳಿದೆ. ಮೊದಲ ಮಹಾಯುದ್ಧದಿಂದ ಮರಳಿ ಬಂದ ಸೈನಿಕರಿಗೆ ಕೆಲಸ ಬೇಕಿತ್ತು. 1919ರಲ್ಲಿ ಶುರು ಮಾಡಿ, ಸುಮಾರು 3,000 ಜನ ಗುದ್ದಲಿ, ಸಲಿಕೆ, ಸಿಡಿಮದ್ದು ಹಿಡಿದು ಬಂಡೆ ಕಡಿದು 1932ರ ಹೊತ್ತಿಗೆ ರಸ್ತೆ ಮುಗಿಸಿದರು. ತಮ್ಮ ಜೊತೆ ಹೋಗಿ ಮರಳಿ ಬಾರದವರ ನೆನಪಿಗೆ ಇಡೀ ರಸ್ತೆಯನ್ನೇ ಅರ್ಪಿಸಿದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನೆ ನಡೆದಳು. ‘ಹಾಗಾದ್ರೆ ಇದು ವೀರಗಲ್ಲು’ ಎಂದಳು. ನಮ್ಮ ಸೀಮೆಯಲ್ಲಿ ವೀರಗಲ್ಲು ಇಲ್ಲದ ಹಳ್ಳಿ ಕಡಿಮೆ. ಗದ್ದೆಯ ಬದುವಿನಲ್ಲಿ, ದೇವಸ್ಥಾನದ ಹಿಂದೆ, ಎಲ್ಲೆಂದರಲ್ಲಿ ನಿಂತಿರುತ್ತವೆ. ಅದಾದ ಮೇಲೆ ಅವಳು ಆ ರಸ್ತೆಯಲ್ಲಿ ಕಾರಿನ ಕಿಟಕಿಯಿಂದ ಕಿತ್ತಳೆ ಸಿಪ್ಪೆ ಕೂಡ ಎಸೆಯಲು ಮಕ್ಕಳನ್ನು ಬಿಡಲಿಲ್ಲ.

ಟ್ವೆಲ್ವ್ ಅಪೋಸಲ್ಸ್‌ಗೆ ಎರಡು ಸಲ ಹೋದೆವು. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ. ಹತ್ತಿರದಲ್ಲೇ ಉಳಿದಿದ್ದರಿಂದ ಆಯಿತು. ಸುಣ್ಣಕಲ್ಲಿನ ಕಂಬಗಳು ಅವು. ಹನ್ನೆರಡು ಎಂದು ಹೆಸರು, ಅಷ್ಟು ಎಂದೂ ಇರಲಿಲ್ಲ. 2005ರಲ್ಲಿ ಒಂದು ಕುಸಿದು ಬಿತ್ತು. ಅಲ್ಲೇ ಮುಂದೆ ಎರಡು ಕಮಾನಿನ ಸೇತುವೆಯಂಥ ಬಂಡೆ ಇತ್ತು. 1990ರಲ್ಲಿ ದಡದ ಕಡೆಯ ಕಮಾನು ಬಿದ್ದು, ಆಚೆ ಹೋಗಿದ್ದ ಇಬ್ಬರು ಸಮುದ್ರದ ನಡುವೆ ಸಿಕ್ಕಿಕೊಂಡರು. ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಅಕ್ಕನ ಮಗಳಿಗೆ ಇದಕ್ಕಿಂತ ಲಾಕ್ ಆರ್ಡ್ ಹಡಗಿನ ಕತೆ ಹಿಡಿಸಿತು. 1878ರಲ್ಲಿ ಆ ಹಡಗು ಒಡೆದು 54 ಜನರಲ್ಲಿ ಇಬ್ಬರೇ ಉಳಿದರು. ಆ ಇಬ್ಬರು ದಡ ಸೇರಿದ ಕೊರಕಲಿನ ಮರಳಿನ ಮೇಲೆ ಅವಳು ಒಂದು ಗಂಟೆ ಕೂತಿದ್ದಳು. ಯಾರೂ ‘ಹೊತ್ತಾಯ್ತು ಏಳು’ ಎನ್ನಲಿಲ್ಲ. ಗೆಳೆಯರ ಜೊತೆ ಬಂದ ದಿನ ನಾವು ಅಲ್ಲಿ ಕಾರು ನಿಲ್ಲಿಸಿಯೇ ಇರಲಿಲ್ಲ.

ಇಲ್ಲಿನವರ ರೀತಿಯೇ ಪೂರ್ತಿ ಸರಿ ಎಂದು ನಾನು ಹೇಳುತ್ತಿಲ್ಲ. ಅವರ ರಜೆಯಲ್ಲಿ ಅಜ್ಜಿ ತಾತ ಕಾಣುವುದು ಕಡಿಮೆ. ನಿವೃತ್ತರಾದವರು ತಮ್ಮ ಪಾಡಿಗೆ ಕ್ಯಾರವಾನ್ ಕಟ್ಟಿಕೊಂಡು ತಿಂಗಳುಗಟ್ಟಲೆ ದೇಶ ಸುತ್ತುತ್ತಾರೆ. ಅದು ದೊಡ್ಡ ಧೈರ್ಯ, ನಾನು ಮೆಚ್ಚುತ್ತೇನೆ. ಅಪೊಲೊ ಬೇಯಲ್ಲಿ ಅಂಥ ಒಬ್ಬರು ಅಜ್ಜಿ ಅಮ್ಮನ ಪಕ್ಕ ಬಂದು ಕೂತರು. ಗಂಡನ ಜೊತೆ ಏಳು ತಿಂಗಳಿಂದ ರಸ್ತೆಯ ಮೇಲಿದ್ದಾರಂತೆ. ಮೊಮ್ಮಕ್ಕಳನ್ನು ನೋಡಿ ಎಷ್ಟು ದಿನವಾಯಿತು ಎಂದು ಅಮ್ಮ ನನ್ನ ಕೈಲಿ ಕೇಳಿಸಿದಳು. ಕ್ರಿಸ್‌ಮಸ್‌ನಲ್ಲಿ ಎಂದರು. ಅಮ್ಮ ಡಬ್ಬಿ ತೆಗೆದು ಕೋಡುಬಳೆ ಕೊಟ್ಟಳು. ಅವರು ಖಾರಕ್ಕೆ ಕಣ್ಣೊರೆಸಿಕೊಂಡು ಇನ್ನೊಂದು ತೆಗೆದುಕೊಂಡರು.

ಊಟದ ವಿಷಯದಲ್ಲೂ ನಾನು ನಮ್ಮ ಬುಟ್ಟಿಯನ್ನು ಬಿಡುವವನಲ್ಲ. ಇಲ್ಲಿ ಹೆಚ್ಚಿನ ಪಾರ್ಕುಗಳಲ್ಲಿ ಯಾರು ಬೇಕಾದರೂ ಉಪಯೋಗಿಸುವ ಕರೆಂಟ್ ಒಲೆಗಳಿವೆ, ಬಹಳ ಕಡೆ ದುಡ್ಡು ಕೊಡಬೇಕಿಲ್ಲ. ಆದರೆ ಅದರ ಮೇಲೆ ಮಾಂಸ ಬೇಯಿಸಿರುತ್ತಾರೆ, ಅಮ್ಮನಿಗೆ ಆಗುವುದಿಲ್ಲ. ನಮ್ಮದೇ ಸಣ್ಣ ಗ್ಯಾಸ್ ಒಲೆ, ನಮ್ಮದೇ ಕಾವಲಿ, ಡಬ್ಬಿಯಲ್ಲಿ ದೋಸೆಹಿಟ್ಟು. ಕಡಲಿಗೆ ಮುಖ ಮಾಡಿ ಬಿಸಿ ದೋಸೆ, ಚಟ್ನಿಪುಡಿ. ಬೇಸಿಗೆಯಲ್ಲಿ ಬೆಂಕಿ ನಿಷೇಧದ ದಿನಗಳಿರುತ್ತವೆ, ಆಗ ಒಲೆ ಹಚ್ಚುವ ಹಾಗಿಲ್ಲ. ಈ ತೀರದ ವೈ ರಿವರ್ ಮತ್ತು ಅದರ ಪಕ್ಕದ ಊರಿನಲ್ಲಿ 2015ರ ಕ್ರಿಸ್‌ಮಸ್ ದಿನ ಕಾಡ್ಗಿಚ್ಚಿಗೆ ನೂರಕ್ಕೂ ಹೆಚ್ಚು ಮನೆ ಸುಟ್ಟವು. ಅದರ ಮುಂದಿನ ವರ್ಷ ಮಳೆಗೆ ಅದೇ ಬೋಳು ಗುಡ್ಡ ಜಾರಿ ರಸ್ತೆ ಮುಚ್ಚಿತು. ಹೊರಡುವ ಬೆಳಿಗ್ಗೆ ರಸ್ತೆ ತೆರೆದಿದೆಯಾ ಎಂದು ನೋಡಿಕೊಂಡೇ ಹೊರಡಿ, ಇಲ್ಲಾದರೂ, ಆಗುಂಬೆ ಘಾಟಿಯಲ್ಲಾದರೂ.

ತಿಮಿಂಗಿಲ ನಮಗೆ ಸಿಗಲಿಲ್ಲ. ಅವು ವಾರ್ನಂಬೂಲ್ ಹತ್ತಿರ ಮರಿ ಹಾಕಲು ಬರುವುದು ಜೂನ್ ಮೇಲೆ. ಅಲ್ಲೇ ಟವರ್ ಹಿಲ್ ಎಂಬ ಹಳೇ ಜ್ವಾಲಾಮುಖಿಯ ಗುಂಡಿಯಲ್ಲಿ ಎಮು ಕಂಡೆವು, ಅಷ್ಟೇ.

ಅಕ್ಕನ ಕೊರಗು ಹೋಗಿಲ್ಲ. ಸಾಗರ ಮುಟ್ಟಿದ ಮೇಲೆ ಮಾಡಿದ ಮೊದಲ ಫೋನಿನಲ್ಲೇ ಹೇಳಿದಳು: ‘ಎಲ್ಲ ಚೆನ್ನಾಗಿತ್ತು ಕಣೋ. ಆದ್ರೆ ಹವಳ ನೋಡ್ಲಿಲ್ಲ.’ ಕೇರ್ನ್ಸ್‌ನಲ್ಲಿ ದಸರಾ ರಜೆಯ ಹೊತ್ತಿಗೆ ಮಳೆ ಇರುವುದಿಲ್ಲ, ಅಂಬಲಿ ಮೀನಿನ ಕಾಲವೂ ಶುರುವಾಗಿರುವುದಿಲ್ಲ. ಅವಳಿಗೆ ಅದನ್ನೇ ಹೇಳಿದೆ. ಒಂದೇ ಊರು, ಆರು ರಾತ್ರಿ, ಅಲ್ಲಿಂದ ಪೋರ್ಟ್ ಡಗ್ಲಸ್‌ಗೆ ಕಡಲ ಪಕ್ಕದ ರಸ್ತೆ. ಆರು ರಾತ್ರಿ ಅಲ್ಲೇನು ಮಾಡುವುದು ಎಂದು ಅವಳು ಕೇಳಲಿಲ್ಲ. ಕಾವಲಿಯನ್ನು ವಿಮಾನದಲ್ಲಿ ಬಿಡುತ್ತಾರಾ ಎಂದು ಕೇಳಿದಳು.